ತಾಳಿದವನು ಬಾಳಿಯಾನೆ?

ಮೊಬೈಲಿನಲ್ಲಿ ಒಂದು ವಿಡಿಯೊ ಒತ್ತುತ್ತೀರಿ. ಚಿತ್ರ ಬರುವುದಿಲ್ಲ, ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗುತ್ತದೆ. ನೀವು ಎಷ್ಟು ಹೊತ್ತು ಕಾಯುತ್ತೀರಿ? ಎರಡು ಸೆಕೆಂಡೆ, ಹತ್ತು ಸೆಕೆಂಡೆ, ಒಂದು ಬೀಡಿ ಉರಿದು ಮುಗಿಯುವಷ್ಟು ಹೊತ್ತೆ? ಇದೆಂಥ ಕ್ಷುಲ್ಲಕ ಪ್ರಶ್ನೆ ಎಂದು ವಾಚಕರು ನಗಬಹುದು. ಆದರೆ ಈ ಪ್ರಶ್ನೆಗೆ ನಿಮ್ಮ ಉತ್ತರವನ್ನು, ಬಾಯಿಂದಲ್ಲ ಬೆರಳಿನಿಂದ, ದಿನವೂ ಹತ್ತಾರು ಸಲ ಪಡೆದು ಬರೆದಿಟ್ಟುಕೊಳ್ಳುವವರು ಇದ್ದಾರೆ. ಅವರು ನಗುತ್ತಿಲ್ಲ. ನಿಮ್ಮ ತಾಳ್ಮೆಯ ಉದ್ದವನ್ನು ಅಳೆದು, ಕೂಡಿಸಿ, ಕಳೆದು, ಅದರ ಮೇಲೆ ಒಂದು ದೊಡ್ಡ ವ್ಯವಹಾರವನ್ನೇ ಕಟ್ಟಿದ್ದಾರೆ.

ಎಲ್ಲಿ ನಿಲ್ಲಿಸಿದಿರಿ, ಎಲ್ಲಿ ಹಾರಿಸಿದಿರಿ, ಯಾವ ಹೊಡೆದಾಟವನ್ನು ಎರಡು ಸಲ ನೋಡಿದಿರಿ, ಯಾವ ಭಾಷಣಕ್ಕೆ ಬೇಸತ್ತು ಎದ್ದುಹೋದಿರಿ, ಎಷ್ಟು ಗಂಟೆಗೆ ಮೊಬೈಲನ್ನು ಮಗ್ಗುಲಿಗಿಟ್ಟು ಮಲಗಿದಿರಿ, ಇವೆಲ್ಲ ದಾಖಲೆಯಾಗುತ್ತವೆ. ಈ ದಾಖಲೆಯಿಂದ ಎರಡು ಉಪಯೋಗ. ಮೊದಲನೆಯದು, ನಿಮಗೆ ಏನನ್ನು ತೋರಿಸಬೇಕು, ಏನನ್ನು ಮಾರಬೇಕು ಎಂದು ತಿಳಿಯುವುದು. ಇದರ ವಿಷಯ ಬೇಕಾದಷ್ಟು ಬರೆದಾಗಿದೆ. ಎರಡನೆಯದು, ಜಾಲವನ್ನು ಹೇಗೆ ನಡೆಸಬೇಕು ಎಂಬುದು: ಯಾವ ಹಾದಿಯಲ್ಲಿ ಎಷ್ಟು ಸರಕು ಬಿಡಬೇಕು, ಯಾವ ಊರಿನ ಬಳಿ ಯಾವ ದಾಸ್ತಾನು ಇಡಬೇಕು, ಜಾಗ ಸಾಲದಾದಾಗ ಯಾರಿಗೆ ಮೊದಲು ಕೊಡಬೇಕು. ಇದು ಇಂಜಿನಿಯರರ ಒಣ ಲೆಕ್ಕ, ಇದರಲ್ಲಿ ಜನಸಾಮಾನ್ಯರಿಗೆ ಕೆಲಸವಿಲ್ಲ ಎಂದು ಎಲ್ಲರೂ ಬಿಟ್ಟಿದ್ದಾರೆ. ನಮಗೆ ಅನುಮಾನ ಬಂದಿರುವುದೇ ಇಲ್ಲಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ತೀರ್ಮಾನಿಸುವ ಲೆಕ್ಕ ಎಂದೂ ಬರಿಯ ಇಂಜಿನಿಯರರ ಲೆಕ್ಕವಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ವಿಡಿಯೊ ಎಂಬುದು ಇಡಿಯಾಗಿ ಒಂದೇ ಸಲಕ್ಕೆ ಬರುವ ವಸ್ತುವಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿರುತ್ತಾರೆ. ಒಂದೊಂದು ತುಂಡನ್ನೂ ಹಲವು ದರ್ಜೆಗಳಲ್ಲಿ ಸಿದ್ಧಪಡಿಸಿರುತ್ತಾರೆ; ಒಂದೇ ಭತ್ತದಿಂದ ಸಣ್ಣಕ್ಕಿ, ದಪ್ಪಕ್ಕಿ, ನುಚ್ಚು ಬೇರೆ ಬೇರೆ ಮೂಟೆ ಮಾಡಿಟ್ಟಂತೆ ಎನ್ನಿ. ನಿಮ್ಮ ಮೊಬೈಲು ಹಾದಿ ಎಷ್ಟು ಅಗಲವಿದೆ ಎಂದು ಪ್ರತಿ ಕ್ಷಣವೂ ಅಳೆಯುತ್ತಿರುತ್ತದೆ. ಹಾದಿ ಅಗಲವಿದ್ದರೆ ಸಣ್ಣಕ್ಕಿ ತರಿಸುತ್ತದೆ, ಇಕ್ಕಟ್ಟಾದರೆ ನುಚ್ಚು. ಮಸುಕು ಮಸುಕಾಗಿ, ಚೌಕ ಚೌಕವಾಗಿ ಕಾಣುವ ಚಿತ್ರವೇ ಈ ನುಚ್ಚು. ಅದೂ ಸಮಯಕ್ಕೆ ಬಾರದಿದ್ದರೆ ಚಕ್ರ.

ಇನ್ನು ಗೋದಾಮು. ಊರಿನ ಅಂಗಡಿಕಾರ ಯುಗಾದಿಗೆ ಬೆಲ್ಲ ಬೇಕಾಗುತ್ತದೆಂದು ಬಲ್ಲ; ಹಬ್ಬದ ದಿನ ಮಂಡಿಗೆ ಓಡುವುದಿಲ್ಲ, ವಾರ ಮುಂಚೆಯೇ ತರಿಸಿಡುತ್ತಾನೆ. ನೆಟ್‌ಫ್ಲಿಕ್ಸ್ ಎಂಬ ಅಮೆರಿಕದ ಕಂಪನಿ ಮಾಡಿದ್ದೂ ಇದನ್ನೇ. 2012ರಲ್ಲಿ ಅದು ತನ್ನ ಸ್ವಂತ ದಾಸ್ತಾನು ಪೆಟ್ಟಿಗೆಗಳ ಯೋಜನೆಯನ್ನು ಪ್ರಕಟಿಸಿತು. ಬೇರೆ ಬೇರೆ ದೇಶಗಳ ಇಂಟರ್‌ನೆಟ್ ಕಂಪನಿಗಳ ಕೋಣೆಗಳಲ್ಲೇ ಈ ಪೆಟ್ಟಿಗೆಗಳನ್ನು ಇಟ್ಟು, ನಾಳೆ ಯಾವ ಚಿತ್ರವನ್ನು ಹೆಚ್ಚು ಜನ ಕೇಳುತ್ತಾರೆಂದು ಹಿಂದಿನ ನಡತೆಯಿಂದ ಅಂದಾಜು ಮಾಡಿ, ಹಾದಿ ಖಾಲಿಯಿರುವ ಹೊತ್ತಿನಲ್ಲಿ ಅದರೊಳಗೆ ತುಂಬುತ್ತಾರೆ. ಸಂಜೆ ಎಲ್ಲರೂ ಒಟ್ಟಿಗೆ ಕೇಳಿದಾಗ ಸಮುದ್ರದಾಚೆಯಿಂದ ತರುವ ಪ್ರಮೇಯವಿಲ್ಲ. ಇದು ಒಳ್ಳೆಯ ಕೆಲಸ. ಕಂಪನಿ ಬಂಡವಾಳಗಾರರದೆಂಬ ಒಂದೇ ಕಾರಣಕ್ಕೆ ಅದರ ಜಾಣತನವನ್ನು ಹಳಿಯುವ ಜಾತಿಯವರು ನಾವಲ್ಲ. ಹಾದಿಯ ದಟ್ಟಣೆ ತಗ್ಗಿದರೆ ಬಡವನ ಸರಕೂ ಬೇಗ ತಲುಪುತ್ತದೆ.

ಜನರ ನಡತೆಯನ್ನು ಅರಿಯದೆ ಜಾಲ ನಡೆಸಲಾಗದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಸ್ವಾರಸ್ಯವಾದ ನಿದರ್ಶನವಿದೆ. 2019ರ ಜುಲೈ 10. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಸೆಮಿಫೈನಲ್. ಮಳೆಯಿಂದ ಎರಡನೆಯ ದಿನಕ್ಕೆ ಬಿದ್ದ ಆಟ. ನ್ಯೂಜಿಲೆಂಡಿನ ಎದುರು ಭಾರತ ಸೋಲಿನ ಅಂಚಿನಲ್ಲಿದ್ದು, ಧೋನಿ ಇನ್ನೂ ಆಡುತ್ತಿದ್ದರು. ಹಾಟ್‌ಸ್ಟಾರ್ ಎಂಬ ಸೇವೆಯಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2 ಕೋಟಿ 53 ಲಕ್ಷಕ್ಕೆ ಏರಿತ್ತು. ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಧೋನಿ ರನೌಟ್ ಆದರು. ಆಮೇಲೆ ಏನಾಯಿತೆಂಬುದನ್ನು ಆ ಕಂಪನಿಯ ಇಂಜಿನಿಯರರೇ ಬಹಿರಂಗವಾಗಿ ವಿವರಿಸಿದ್ದಾರೆ. ನೋಡುವವರ ಸಂಖ್ಯೆ ಕೋಟಿಗಳಿಂದ ಹತ್ತು ಲಕ್ಷಕ್ಕಿಂತ ಕೆಳಗೆ ಕುಸಿಯಿತು. ಜನ ಹೊರಟುಹೋದರೆ ಯಂತ್ರಕ್ಕೆ ಹಗುರವಲ್ಲವೆ ಎನ್ನುತ್ತೀರೇನೋ. ಅಲ್ಲ. ಹೊರಡುವವರೆಲ್ಲ ಹಿಂದಕ್ಕೆ ಹೋಗುವ ಗುಂಡಿ ಒತ್ತುತ್ತಾರೆ. ಒತ್ತಿದೊಡನೆ ಪ್ರತಿಯೊಬ್ಬರಿಗೂ ಮುಖಪುಟವನ್ನು ಹೊಸದಾಗಿ ಕೊಡಬೇಕು. ಆಟ ತೋರಿಸುವ ಯಂತ್ರಗಳ ಮೇಲಿದ್ದ ಭಾರವೆಲ್ಲ ಒಂದೇ ಏಟಿಗೆ ಮುಖಪುಟದ ಯಂತ್ರಗಳ ಮೇಲೆ ಬೀಳುತ್ತದೆ. ಗಿರಣಿಯ ಸೈರನ್ ಕೂಗಿ ಪಾಳಿ ಬಿಟ್ಟಾಗ ಗೇಟಿನಲ್ಲಿ ಆಗುವ ನೂಕುನುಗ್ಗಲನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಒಳಗೆ ಬರುವಾಗ ಒಬ್ಬೊಬ್ಬರಾಗಿ ಬರುತ್ತಾರೆ, ಹೊರಗೆ ಹೋಗುವಾಗ ಸಾವಿರ ಜನ ಒಟ್ಟಿಗೆ. ಹೀಗಾಗುತ್ತದೆಂದು ಮೊದಲೇ ಎಣಿಸಿ ಯಂತ್ರಗಳನ್ನು ಅಣಿಮಾಡಿಟ್ಟವರು ನಿಜಕ್ಕೂ ಬುದ್ಧಿವಂತರು. 2023ರ ನವೆಂಬರ್ 19ರ ಫೈನಲಿನಲ್ಲಿ ಇದೇ ಸೇವೆಯನ್ನು ಏಕಕಾಲಕ್ಕೆ 5 ಕೋಟಿ 90 ಲಕ್ಷ ಮಂದಿ ನೋಡಿದರು. ಆ ದಿನವೂ ನಾವು ಸೋತೆವು, ಅದು ಬೇರೆ ಮಾತು.

ಇಷ್ಟರ ಮಟ್ಟಿಗೆ ನಮ್ಮ ತಕರಾರಿಲ್ಲ. ತಕರಾರು ಶುರುವಾಗುವುದು ತಾಳ್ಮೆಯ ಲೆಕ್ಕದಿಂದ.

2012ರಲ್ಲಿ ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಬಂಧ ಪ್ರಕಟಿಸಿದರು. ಅಕಮಾಯ್ ಎಂಬ ಅಮೆರಿಕದ ಜಾಲದ ಮೂಲಕ ನಡೆದ 2 ಕೋಟಿ 30 ಲಕ್ಷ ವೀಕ್ಷಣೆಗಳನ್ನು, 67 ಲಕ್ಷ ವೀಕ್ಷಕರ ನಡತೆಯನ್ನು ಅವರು ತೂಗಿ ನೋಡಿದ್ದರು. ಚಿತ್ರ ಶುರುವಾಗುವುದು 2 ಸೆಕೆಂಡಿಗಿಂತ ತಡವಾದರೆ ಜನ ಬಿಟ್ಟು ಹೋಗತೊಡಗುತ್ತಾರೆ. ಅಲ್ಲಿಂದ ಮುಂದೆ ಒಂದೊಂದು ಸೆಕೆಂಡಿನ ತಡಕ್ಕೂ ಬಿಟ್ಟು ಹೋಗುವವರ ಪ್ರಮಾಣ ನೂರಕ್ಕೆ 5.8ರಂತೆ ಏರುತ್ತದೆ ಎಂದು ಕಂಡರು. ಈ ಅಂಕಿಯನ್ನು ಆಮೇಲೆ ಎಲ್ಲ ಕಡೆಯೂ ಎತ್ತಿ ಆಡಿದರು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿ ಇದೆ. ಎಲ್ಲರೂ ಒಂದೇ ವೇಗದಲ್ಲಿ ತಾಳ್ಮೆ ಕಳೆದುಕೊಳ್ಳುವುದಿಲ್ಲ. ಮನೆಗೆ ಫೈಬರ್ ತಂತಿ ಎಳೆಸಿಕೊಂಡವರು ಎಲ್ಲರಿಗಿಂತ ಬೇಗ ಎದ್ದುಹೋಗುತ್ತಾರೆ; ಮೊಬೈಲಿನಲ್ಲಿ ನೋಡುವವರು ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯುತ್ತಾರೆ. ವೇಗಕ್ಕೆ ಒಗ್ಗಿದವನಿಗೆ ಕಾಯುವುದು ಅಸಾಧ್ಯ. ನಿಧಾನಕ್ಕೆ ಒಗ್ಗಿದವನು ಕಾಯುತ್ತಾನೆ.

ಇದನ್ನು ಕಂಡುಕೊಂಡ ಸಂಶೋಧಕರದು ಯಾವ ತಪ್ಪೂ ಇಲ್ಲ. ಇದ್ದುದನ್ನು ಇದ್ದಂತೆ ಅಳೆದರು. ಪ್ರಶ್ನೆ, ಈ ಅಳತೆ ಯಾರ ಕೈಗೆ ಬಂತು, ಅದರಿಂದ ಅವರು ಏನು ಸಾಧಿಸಹೊರಟರು ಎಂಬುದು. ವೀಕ್ಷಕ ಎದ್ದುಹೋದರೆ ಕಂಪನಿಗೆ ನಷ್ಟ. ಜಾಹೀರಾತು ತೋರಿಸಲಾಗುವುದಿಲ್ಲ, ಮುಂದಿನ ತಿಂಗಳ ಚಂದಾ ಬರುವುದಿಲ್ಲ. ಆದ್ದರಿಂದ ಜಾಲವನ್ನು ಹೇಗೆ ಹಂಚಿದರೆ ಎದ್ದುಹೋಗುವವರ ಸಂಖ್ಯೆ ಕನಿಷ್ಠವಾಗುತ್ತದೆ ಎಂಬುದನ್ನೇ ಗುರಿಯಾಗಿ ಇಟ್ಟು ಲೆಕ್ಕ ಹಾಕಿರಿ ಎಂದು ಯಂತ್ರಕ್ಕೆ ಹೇಳಿಕೊಟ್ಟರೆ ಏನಾಗುತ್ತದೆ?

ಅಂಗಡಿಕಾರ ಗೆಳೆಯರನ್ನೇ ಕೇಳುತ್ತೇವೆ. ಸಂಜೆಯ ಗಿರಾಕಿಯ ಹೊತ್ತು. ಕಟ್ಟೆಯ ಮುಂದೆ ಇಬ್ಬರು ನಿಂತಿದ್ದಾರೆ. ಒಬ್ಬರು ಕಾರಿನಿಂದ ಇಳಿದವರು, ಇಂಜಿನು ಆರಿಸಿಲ್ಲ; ಎರಡು ನಿಮಿಷ ತಡವಾದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಇನ್ನೊಬ್ಬಳು ಉದ್ದರಿ ಪುಸ್ತಕ ಹಿಡಿದು ನಿಂತ ಗಿರಣಿಯ ಹೆಂಗಸು. ಸಂಬಳದ ದಿನದವರೆಗೆ ಅವಳಿಗೆ ಬೇರೆ ಅಂಗಡಿ ಇಲ್ಲ. ಯಾರಿಗೆ ಮೊದಲು ಪೊಟ್ಟಣ ಕಟ್ಟುತ್ತೀರಿ? ಪ್ರಾಮಾಣಿಕವಾಗಿ ಹೇಳಿ. ಕಾಯುವವಳನ್ನು ಕಾಯಿಸಿ, ಕಾಯದವನಿಗೆ ಮೊದಲು ಕೊಡುವುದೇ ಲಾಭದ ಸಹಜ ನ್ಯಾಯ. ಆದರೆ ನಿಮಗೆ ಒಂದು ಕಡಿವಾಣವಿದೆ. ಆ ಹೆಂಗಸು ನಿಮ್ಮ ಮುಖ ನೋಡುತ್ತಿದ್ದಾಳೆ. “ಅಣ್ಣಾ, ನಾನು ಆಗಲೇ ಬಂದು ನಿಂತಿದ್ದೆ” ಎನ್ನುತ್ತಾಳೆ. ಪಕ್ಕದಲ್ಲಿ ನಿಂತವರು ಹೌದೆನ್ನುತ್ತಾರೆ. ನಿಮಗೆ ನಾಚಿಕೆಯಾಗುತ್ತದೆ, ಕೈ ಅವಳ ಚೀಲದತ್ತ ಹೋಗುತ್ತದೆ. ಜಾಲದ ಲೆಕ್ಕದ ಯಂತ್ರಕ್ಕೆ ಈ ಕಣ್ಣು ಕಾಣುವುದಿಲ್ಲ, ಈ ಮಾತು ಕೇಳುವುದಿಲ್ಲ. ತನ್ನ ಮುಂದೆ ಯಾರಿದ್ದರು, ಯಾರಿಗೆ ಮೊದಲು ಕೊಟ್ಟರು ಎಂಬುದು ಕಾಯುವವನಿಗೂ ಕಾಣುವುದಿಲ್ಲ. ಅವನಿಗೆ ಕಾಣುವುದು ಚಕ್ರ ಮಾತ್ರ. “ನೆಟ್‌ವರ್ಕ್ ಇಲ್ಲ” ಎಂದು ಮಳೆಯನ್ನೋ ಮೋಡವನ್ನೋ ಬೈದು ಸುಮ್ಮನಾಗುತ್ತಾನೆ.

ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಲೆಕ್ಕದಲ್ಲಿ ಗಾದೆ ತಲೆಕೆಳಗಾಗುತ್ತದೆ. ತಾಳಿದವನ ತಾಳ್ಮೆಯೇ ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ. ನೀನು ಕಾಯುತ್ತೀಯೆಂದು ದಾಖಲೆ ಹೇಳುತ್ತದೆ, ಆದ್ದರಿಂದ ನೀನು ಕಾಯಬಹುದು.

ಇದಕ್ಕೆ ಕಂಪನಿಗಳ ಪರವಾಗಿ ಒಂದು ಸಮಾಧಾನ ಹೇಳುವುದುಂಟು. ಮೊಬೈಲಿನವರು ಕಾಯುತ್ತಾರೆಂದರೆ ಅವರಿಗೆ ಅಷ್ಟು ತೊಂದರೆಯಾಗುತ್ತಿಲ್ಲವೆಂದೇ ಅರ್ಥ, ತೊಂದರೆಯಾಗಿದ್ದರೆ ಎದ್ದುಹೋಗುತ್ತಿದ್ದರು, ಜನರ ನಡತೆಯೇ ಜನರ ಮತ ಎಂದು. ಎಂಥ ಸೊಗಸಾದ ವಾದ! ನಲ್ಲಿಯ ಮುಂದೆ ಬೆಳಗಿನ ನಾಲ್ಕು ಗಂಟೆಗೆ ಕೊಡ ಇಟ್ಟು ಕೂತ ತಾಯಿ ನೀರಿಲ್ಲದಿರುವುದಕ್ಕೆ ಮತ ಹಾಕಿದ್ದಾಳೆಯೆ? ಸಾಮಾನ್ಯ ಬೋಗಿಯಲ್ಲಿ ಒಂಟಿಕಾಲಿನ ಮೇಲೆ ಹುಬ್ಬಳ್ಳಿಯವರೆಗೆ ನಿಂತು ಹೋಗುವವನಿಗೆ ನಿಲ್ಲುವುದೆಂದರೆ ಇಷ್ಟವೆ? ಬೇರೆ ದಾರಿ ಇಲ್ಲದವನ ಸಹನೆಯನ್ನು ಅವನ ಸಮ್ಮತಿ ಎಂದು ಬರೆದುಕೊಳ್ಳುವುದು ಹಳೆಯ ಜಮೀನುದಾರಿ ಲೆಕ್ಕ. ಅದಕ್ಕೆ ಹೊಸ ಯಂತ್ರ ಸಿಕ್ಕಿದೆ, ಅಷ್ಟೆ.

ನಡತೆಯ ದಾಖಲೆಯಲ್ಲಿ ಇನ್ನೂ ದೊಡ್ಡದೊಂದು ತೂತಿದೆ. ಅದು ನೋಡಿದವರ ದಾಖಲೆ. ನೋಡಲಾಗದವರು ಅದರಲ್ಲಿ ಇಲ್ಲವೇ ಇಲ್ಲ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿನ ವಿಡಿಯೊಗೆ ಬಂದಾಗ, ಮಲೆನಾಡಿನ, ಉತ್ತರ ಕನ್ನಡದ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತದ್ದನ್ನು ಪತ್ರಿಕೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಗುಡ್ಡ ಹತ್ತಿದ ಮಗುವಿನ ನಡತೆ ಎಲ್ಲೋ ಒಂದು ಸಾಲಾಗಿ ದಾಖಲಾಗಿರಬಹುದು. ಗುಡ್ಡ ಹತ್ತಲಾರದೆ ಮನೆಯಲ್ಲೇ ಉಳಿದ ಮಗುವಿನದು? ಅದು ಯಾವ ಗುಂಡಿಯನ್ನೂ ಒತ್ತಲಿಲ್ಲ. ಎದ್ದುಹೋಗಲೂ ಇಲ್ಲ, ಏಕೆಂದರೆ ಕೂತೇ ಇರಲಿಲ್ಲ. ಯಂತ್ರದ ಪಾಲಿಗೆ ಅಲ್ಲಿ ಬೇಡಿಕೆಯೇ ಇಲ್ಲ. ಬೇಡಿಕೆ ಇಲ್ಲದ ಕಡೆ ಹಾದಿ ಅಗಲ ಮಾಡುವುದು ದಂಡ. ಹಾದಿ ಇಲ್ಲದ್ದರಿಂದ ಬೇಡಿಕೆ ಇಲ್ಲ, ಬೇಡಿಕೆ ಇಲ್ಲದ್ದರಿಂದ ಹಾದಿ ಇಲ್ಲ. ಬಸ್ಸು ಬಾರದ ಹಳ್ಳಿಯಲ್ಲಿ ಪ್ರಯಾಣಿಕರೇ ಇಲ್ಲವೆಂದು ವರದಿ ಬರೆಯುವ ಅಧಿಕಾರಿಯನ್ನು ನಾವು ಕಂಡಿಲ್ಲವೆ?

ಇನ್ನು ದುಡ್ಡಿನ ಮಾತು. ಚಕ್ರ ಬಾರದಿರಲೆಂದು ಯಂತ್ರವು ಮುಂದಿನ ತುಂಡುಗಳನ್ನು ಮೊದಲೇ ತರಿಸಿಡುತ್ತದೆ. ನೀವು ನಡುವೆ ಎದ್ದುಹೋದರೆ ತರಿಸಿದ ತುಂಡುಗಳು ವ್ಯರ್ಥ. 2011ರಲ್ಲಿ ಯೂರೋಪು ಮತ್ತು ಅಮೆರಿಕದ ಕೆಲವು ಜಾಲಗಳಲ್ಲಿ ಯೂಟ್ಯೂಬನ್ನು ಪರಿಶೀಲಿಸಿದವರು, ನೂರರಲ್ಲಿ 60 ವಿಡಿಯೊಗಳನ್ನು ಜನ ಐದನೆಯ ಒಂದು ಪಾಲಿಗಿಂತ ಹೆಚ್ಚು ನೋಡುವುದಿಲ್ಲವೆಂದು ಕಂಡಿದ್ದರು. ಈಗಂತೂ ಬೆರಳಿನಿಂದ ತಳ್ಳುತ್ತ ಹೋಗುವ ಅರೆನಿಮಿಷದ ವಿಡಿಯೊಗಳ ಕಾಲ. ಒಂದು ಮುಗಿಯುವ ಮೊದಲೇ ಮುಂದಿನದು ಬಂದು ಕೂತಿರುತ್ತದೆ, ನೀವು ಅದನ್ನು ನೋಡಿ ಬಿಡಿ. ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಸಾಧಾರಣ ಚಿತ್ರ, ಮೂವತ್ತು ಸೆಕೆಂಡಿನಷ್ಟು ಮುಂಚಿತವಾಗಿ ತಂದದ್ದು, ಎಂದು ಹಿಡಿಯೋಣ. ಒಂದು ಸಲ ಎದ್ದುಹೋದರೆ ಸುಮಾರು 3.75 ಎಂಬಿ ಪೋಲು. ದಿನಕ್ಕೆ ಹತ್ತು ಸಲವಾದರೆ 37.5 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಇದೇನು ಮಹಾ, ಚಹಾದ ಮೇಲಿನ ನೊರೆ ಎನ್ನಬಹುದು. ಆದರೆ ಒಂದು ಕೋಟಿ ಜನ ಹೀಗೆ ಮಾಡಿದರೆ ದಿನಕ್ಕೆ 3 ಲಕ್ಷ 75 ಸಾವಿರ ಜಿಬಿ, ಯಾರೂ ನೋಡದ ಸರಕು, ನಮ್ಮ ಟವರುಗಳ ಇಕ್ಕಟ್ಟಿನಲ್ಲಿ ಓಡಾಡಿ ಚರಂಡಿಗೆ ಹೋಯಿತು. ಅದರ ತೂಕಕ್ಕೂ ನಮ್ಮ ಪ್ಯಾಕಿನಲ್ಲೇ ಮುರಿದುಕೊಳ್ಳುತ್ತಾರೆ. ಗಿರಾಕಿ ಕೇಳದ ಸಕ್ಕರೆಯನ್ನು ಚೀಲಕ್ಕೆ ಸುರಿದು, ಅವನು ಬೇಡವೆಂದು ಹೋದ ಮೇಲೂ ದುಡ್ಡು ಕಡಿದುಕೊಳ್ಳುವ ವರ್ತಕನಿಗೆ ನಮ್ಮೂರಿನಲ್ಲಿ ಏನು ಹೆಸರಿದೆ ಎಂದು ಬರೆಯಬೇಕಾಗಿಲ್ಲ. ಮಿಕ್ಕ ಡಾಟಾ ಬಹುಪಾಲು ಪ್ಯಾಕುಗಳಲ್ಲಿ ಮಧ್ಯರಾತ್ರಿಗೆ ಸತ್ತುಹೋಗುತ್ತದೆ. ತಿಂಗಳೆಂದರೆ 28 ದಿನ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು. ಸಂಬಳ ಮಾತ್ರ ಹನ್ನೆರಡೇ ಸಲ.

ಈ ಪೋಲನ್ನು ತಡೆಯಲು ನಡತೆಯ ದಾಖಲೆ ನಿಜವಾಗಿ ಉಪಯುಕ್ತ ಎಂಬುದನ್ನು ಒಪ್ಪುತ್ತೇವೆ. ಯಾರು ಎಲ್ಲಿ ಎದ್ದುಹೋಗುತ್ತಾರೆಂದು ಅಂದಾಜು ಸಿಕ್ಕರೆ ಅಷ್ಟೇ ತುಂಡು ತರಿಸಬಹುದು. ಇದಕ್ಕಾಗಿ ಪಂಡಿತರು ಒಳ್ಳೊಳ್ಳೆಯ ಉಪಾಯಗಳನ್ನು ಬರೆದಿದ್ದಾರೆ. ಆದರೆ ಉಳಿತಾಯವಾದದ್ದು ಯಾರ ಜೇಬಿಗೆ? ನಮ್ಮ ನಡತೆಯನ್ನು ಓದಿ ಜಾಲವನ್ನು ಚೊಕ್ಕಮಾಡಿಕೊಂಡ ಕಾಲದಲ್ಲೇ, 2024ರ ಜುಲೈನಲ್ಲಿ, ಮೂರು ಖಾಸಗಿ ಮೊಬೈಲ್ ಕಂಪನಿಗಳೂ ಒಂದರ ಹಿಂದೊಂದು ದರ ಏರಿಸಿದವು. ಗಿರಣಿಯಲ್ಲಿ ಒಬ್ಬನಿಗೆ ಎರಡು ಮಗ್ಗ ಇದ್ದದ್ದು ನಾಲ್ಕಾದಾಗ ಕೂಲಿ ಎರಡರಷ್ಟಾಯಿತೆ? ಆ ಕಥೆಯನ್ನು ಹಳಬರು ಬಲ್ಲರು.

ಮಗ್ಗದ ಮಾತು ಬಂದದ್ದರಿಂದ ಒಂದು ಹೋಲಿಕೆ. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬಾತ ಉಕ್ಕಿನ ಕಾರ್ಖಾನೆಯಲ್ಲಿ ನಿಲುಗಡಿಯಾರ ಹಿಡಿದು ಕೆಲಸಗಾರನ ಒಂದೊಂದು ಚಲನೆಯನ್ನೂ ಅಳೆದು, 1911ರಲ್ಲಿ ಅದನ್ನೊಂದು ಶಾಸ್ತ್ರವಾಗಿ ಬರೆದ. ಆ ಗಡಿಯಾರದ ವಿರುದ್ಧ ಲೋಕದ ಕಾರ್ಮಿಕರು ದಶಕಗಳ ಕಾಲ ಹೋರಾಡಿದರು. ಆದರೂ ಒಂದು ಮಾತು: ಟೇಲರನ ಗಡಿಯಾರ ಟೇಲರನ ಕೈಯಲ್ಲಿತ್ತು, ಕೆಲಸಗಾರನಿಗೆ ಕಾಣುತ್ತಿತ್ತು, ಪಾಳಿ ಮುಗಿದ ಮೇಲೆ ನಿಲ್ಲುತ್ತಿತ್ತು. ಇಂದಿನ ಗಡಿಯಾರ ನಮ್ಮದೇ ಜೇಬಿನಲ್ಲಿದೆ. ಕಂತಿನಲ್ಲಿ ಕೊಂಡವರು ನಾವು, ಚಾರ್ಜು ಮಾಡುವವರು ನಾವು, ಅಳೆಯಿಸಿಕೊಳ್ಳುವವರೂ ನಾವು. ಪಾಳಿ ಮುಗಿದ ಮೇಲೇ ಅದರ ಕೆಲಸ ಶುರು.

ಅಳೆದವರಿಗೆ ಅಳೆಯಿಸಿಕೊಂಡವರ ಮೇಲೆ ಗೌರವ ಇರುತ್ತದೆಂದು ಭ್ರಮಿಸಬಾರದು. 2017ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕಂಪನಿ ತನ್ನದೊಂದು ಕ್ರಿಸ್‌ಮಸ್ ಚಿತ್ರವನ್ನು ಸತತ 18 ದಿನ ದಿನವೂ ನೋಡಿದ 53 ಮಂದಿಯನ್ನು ಊರೆಲ್ಲ ಕೇಳುವಂತೆ ಬಹಿರಂಗವಾಗಿ ಗೇಲಿ ಮಾಡಿತು. ಹೆಸರು ಹೇಳಲಿಲ್ಲ ನಿಜ. ಆದರೆ ಎಣಿಸಿಟ್ಟುಕೊಂಡಿದ್ದರು ಎಂಬುದು ಗೊತ್ತಾಯಿತು. ಅದೇ ದೇಶದಲ್ಲಿ 1987ರಲ್ಲಿ ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ, ಅವರ ಮನೆಯವರು ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟುಗಳ ಪಟ್ಟಿಯನ್ನು ಒಂದು ವಾರಪತ್ರಿಕೆ ಪ್ರಕಟಿಸಿತು. ಶಾಸಕರಿಗೆ ಬಿಸಿ ತಟ್ಟಿತು. ಮರುವರ್ಷವೇ, 1988ರಲ್ಲಿ, ಕ್ಯಾಸೆಟ್ ಅಂಗಡಿಯವರು ಗಿರಾಕಿಯ ಪಟ್ಟಿಯನ್ನು ಹೊರಗೆ ಕೊಡಕೂಡದೆಂದು ಕಾನೂನು ಬಂತು. ದೊಡ್ಡವರ ಪಟ್ಟಿ ಬೀದಿಗೆ ಬಂದರೆ ಒಂದು ವರ್ಷದಲ್ಲಿ ಕಾನೂನು. ನಮ್ಮಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ 2023ರಲ್ಲಿ ಬಂದಿದೆ. ಒಪ್ಪಿಗೆ ಇಲ್ಲದೆ ಮಾಹಿತಿ ಬಳಸಬಾರದೆಂಬುದು ಅದರ ಜೀವಾಳ. ಒಳ್ಳೆಯದು. ಆದರೆ ಒಪ್ಪದಿದ್ದರೆ ಆಟವೇ ಕಾಣದು ಎಂಬಲ್ಲಿ “ಒಪ್ಪಿದೆ” ಎಂಬ ಗುಂಡಿಗೆ ಎಷ್ಟು ಬೆಲೆ? ಗಿರಣಿಯ ಗೇಟಿನಲ್ಲಿ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದವರೂ ಒಪ್ಪಿಗೆಯನ್ನೇ ಪಡೆಯುತ್ತಿದ್ದರು.

ಇದು ಖಾಸಗಿಯವರ ಖಾಸಗಿ ವ್ಯಾಪಾರ, ನಿಮಗೇಕೆ ಎನ್ನುವವರಿಗೆ ಒಂದು ತೀರ್ಪನ್ನು ನೆನಪಿಸುತ್ತೇವೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಬಳಕೆ ಸಾರ್ವಜನಿಕ ಹಿತಕ್ಕೆ ಒಳಪಟ್ಟಿರಬೇಕು ಎಂದು ಹೇಳಿತು. ಆ ಮೊಕದ್ದಮೆಯ ಮೂಲವೂ, ನೋಡಿ, ಕ್ರಿಕೆಟ್ ಪ್ರಸಾರವೇ; ಬಂಗಾಳದ ಕ್ರಿಕೆಟ್ ಸಂಸ್ಥೆಯ ತಗಾದೆ. ಟವರಿನಿಂದ ನಿಮ್ಮ ಮೊಬೈಲಿಗೆ ವಿಡಿಯೊ ಬರುವುದು ಈ ತರಂಗಗಳ ಮೇಲೆ. ಹರಾಜಿನಲ್ಲಿ ಕೊಂಡವನು ಗುತ್ತಿಗೆದಾರ, ಒಡೆಯನಲ್ಲ. ಕೆರೆಯ ನೀರನ್ನು ಗುತ್ತಿಗೆ ಹಿಡಿದವನು ಯಾವ ಗದ್ದೆಗೆ ಯಾವಾಗ ತೂಬು ಎತ್ತಿದೆನೆಂದು ಊರಿಗೆ ಲೆಕ್ಕ ಕೊಡಬೇಕಲ್ಲವೆ?

ಈಗಂತೂ ರಸ್ತೆಯೂ ಗಾಡಿಯೂ ಒಂದೇ ಕೈಗೆ ಬರುತ್ತಿವೆ. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯವರ ಭಾರತದ ಪ್ರಸಾರ ವ್ಯವಹಾರಗಳು ಒಂದಾದವು. 2025ರ ಫೆಬ್ರವರಿಯಲ್ಲಿ ಜಿಯೊಹಾಟ್‌ಸ್ಟಾರ್ ಹುಟ್ಟಿತು. ಆಟ ತೋರಿಸುವ ಮನೆ ಮತ್ತು ದೇಶದ ಅತಿ ದೊಡ್ಡ ಮೊಬೈಲ್ ಜಾಲದ ಮನೆ ಒಂದೇ ವಂಶದವು. ಹಿಂದೆ ಸರಕಿನ ನಡತೆ ಬಲ್ಲವನು ಒಬ್ಬ, ಹಾದಿ ನಡೆಸುವವನು ಇನ್ನೊಬ್ಬ. ಇಬ್ಬರ ನಡುವೆ ಚೌಕಾಸಿಯಾದರೂ ಇತ್ತು. ಒಂದೇ ಮನೆಯಲ್ಲಿ ಚೌಕಾಸಿ ಯಾರೊಡನೆ? 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸಕೂಡದೆಂದು ಆಜ್ಞೆ ಮಾಡಿತು. ದೇಶದ ತುಂಬ ಜನ ಲಕ್ಷಗಟ್ಟಲೆ ಪತ್ರ ಬರೆದು ಗಳಿಸಿಕೊಂಡ ಜಯವದು. ಆದರೆ ಆ ಆಜ್ಞೆ ದರದ ಭೇದವನ್ನು ತಡೆಯುತ್ತದೆ. ಕಾಯಿಸುವುದರ ಭೇದಕ್ಕೆ ಅದರಲ್ಲಿ ಮದ್ದಿಲ್ಲ.

ಕಾಯಿಸುವ ಭೇದ ಕಣ್ಣಿಗೆ ಕಾಣುವಂತೆ ನಡೆದದ್ದು ಒಮ್ಮೆ. 2020ರ ಮಾರ್ಚಿನಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಜಾಲದ ಮೇಲೆ ಭಾರ ಬಿತ್ತು. ಯೂರೋಪಿನಲ್ಲಿ ನೆಟ್‌ಫ್ಲಿಕ್ಸ್ ಮಾರ್ಚ್ 19ರಂದು, ಮೂವತ್ತು ದಿನ ತನ್ನ ಸರಕಿನ ಭಾರವನ್ನು ಕಾಲುಭಾಗ ತಗ್ಗಿಸುವೆನೆಂದಿತು. ಎಲ್ಲ ಬಗೆಯ ವೀಕ್ಷಕರಿಗೂ ಸೇರಿ. ನಮ್ಮ ದೇಶದಲ್ಲಿ ವಿಡಿಯೊ ಕಂಪನಿಗಳು ಕೂಡಿ ಏಪ್ರಿಲ್ 14ರವರೆಗೆ ಚಿತ್ರದ ದರ್ಜೆಯನ್ನು 480ಕ್ಕೆ ಇಳಿಸುವುದೆಂದು ಒಪ್ಪಿಕೊಂಡವು, ಮೊಬೈಲ್ ಜಾಲದಲ್ಲಿ. ಸಂಕಟದ ಕಾಲ, ಮೊಬೈಲ್ ಹಾದಿ ಇಕ್ಕಟ್ಟಿನದು, ತೀರ್ಮಾನ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಈ ದೇಶದ ಬ್ರಾಡ್‌ಬ್ಯಾಂಡ್ ಚಂದಾದಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೊಬೈಲಿನವರೇ. ಕಷ್ಟ ಬಂದಾಗ ಅವರಿಗೆ ನುಚ್ಚು. ಮನೆಗೆ ತಂತಿ ಎಳೆಸಿಕೊಂಡ ಕೆಲವರಿಗೆ ಸಣ್ಣಕ್ಕಿ ನಿಲ್ಲಲಿಲ್ಲ. ಆಗ ಅದನ್ನು ಬಹಿರಂಗವಾಗಿ ಸಾರಿದ್ದರಿಂದ ನಮಗೆ ತಿಳಿಯಿತು. ದಿನನಿತ್ಯ ನಡೆಯುವ ಹಂಚಿಕೆಯನ್ನು ಯಾರು ಸಾರುತ್ತಾರೆ?

ವಿಡಿಯೊ ನೋಡದ ವರ್ತಕರೂ ಇದರಿಂದ ಹೊರಗಿಲ್ಲ. ಮೊಬೈಲ್ ಜಾಲದಲ್ಲಿ ಹರಿಯುವ ಸರಕಿನ ಬಹುಪಾಲು ವಿಡಿಯೊ. ಸಂಜೆ ಆಟದ ಹೊತ್ತಿಗೆ ಟವರು ತುಂಬಿದಾಗ, ಹತ್ತು ರೂಪಾಯಿಯ ಕೊತ್ತಂಬರಿಗೆ ಫೋನಿನಿಂದ ದುಡ್ಡು ಹಾಕಿದ ಗಿರಾಕಿಯ ಪರದೆಯ ಮೇಲೂ ಚಕ್ರವೇ. “ಬಂತೇನಣ್ಣಾ?” “ಇನ್ನೂ ಇಲ್ಲಮ್ಮ.” ಡಬ್ಬಿ ಮಾತಾಡುವವರೆಗೆ ಗಿರಾಕಿಯೂ ನಿಲ್ಲಬೇಕು, ಅಂಗಡಿಯವನೂ ನಿಲ್ಲಬೇಕು. ಮೂರು ಅಕ್ಷರದಷ್ಟು ಹಗುರವಾದ ಆ ಸಂದೇಶ, ಯಾರೂ ನೋಡದೆ ಬಿಸಾಡಲಿರುವ ವಿಡಿಯೊ ತುಂಡುಗಳ ಹಿಂದೆ ಸಾಲು ನಿಂತಿರುತ್ತದೆ.

ನಾವು ಕೇಳುವುದು ಚಂದ್ರನನ್ನಲ್ಲ. ನಡತೆಯನ್ನು ಅಳೆಯಿರಿ, ಬೇಡವೆನ್ನುವುದಿಲ್ಲ. ಆದರೆ ಯಾರು ಎದ್ದುಹೋದರೆಂಬುದರ ಜೊತೆಗೆ ಯಾರು ಎಷ್ಟು ಹೊತ್ತು ಕಾದರೆಂಬುದನ್ನೂ ನಷ್ಟವೆಂದು ಬರೆಯಿರಿ. ಹೆಚ್ಚು ಕಾದವನಿಗೆ ಮೊದಲು ಎಂಬುದನ್ನು ಯಂತ್ರಕ್ಕೆ ಕಲಿಸುವುದು ಕಷ್ಟವಲ್ಲ. ಗುರಿ ಬದಲಾಯಿಸಿದರೆ ಲೆಕ್ಕ ತಾನೇ ಬದಲಾಗುತ್ತದೆ. ಬಡಾವಣೆವಾರು, ಹೋಬಳಿವಾರು, ಸಂಜೆಯ ಹೊತ್ತಿನಲ್ಲಿ ಜನ ಎಷ್ಟು ಸೆಕೆಂಡು ಚಕ್ರ ನೋಡಿದರು ಎಂಬ ಅಂಕಿಯನ್ನು ಹೆಸರುಗಳಿಲ್ಲದೆ ಪ್ರಕಟಿಸಿರಿ. ಆ ಅಂಕಿ ನಿಮ್ಮಲ್ಲಿ ಇದೆ, ಅದನ್ನು ಅಳೆದೇ ನೀವು ವ್ಯಾಪಾರ ಮಾಡುತ್ತಿರುವುದು. ತಂದು ಬಿಸಾಡಿದ ತುಂಡಿನ ತೂಕವನ್ನು ಪ್ಯಾಕಿನಲ್ಲಿ ಬೇರೆಯಾಗಿ ತೋರಿಸಿ, ಮುರಿದದ್ದನ್ನು ವಾಪಸು ಹಾಕಿರಿ. ತನ್ನಷ್ಟಕ್ಕೆ ತಾನೇ ಮುಂದಿನ ವಿಡಿಯೊ ಹಚ್ಚುವ ಚಾಳಿಯನ್ನು, ಕೇಳಿದವರಿಗೆ ಮಾತ್ರ ಕೊಡಿರಿ.

2024ರಲ್ಲಿ ಟ್ರಾಯ್ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳಲ್ಲಿ ಒಂದು ಜಿಲ್ಲೆಯ ಮಟ್ಟದಲ್ಲಿ ಜಾಲ 24 ಗಂಟೆಗೂ ಮೀರಿ ಸತ್ತುಬಿದ್ದರೆ ಗ್ರಾಹಕರಿಗೆ ಪರಿಹಾರ ಕೊಡತಕ್ಕದ್ದೆಂದು ಬರೆದಿದೆ. ಸತ್ತದ್ದಕ್ಕೆ ಪರಿಹಾರವುಂಟು, ದಿನವೂ ಸಂಜೆ ಅರ್ಧ ಜೀವವಾಗಿರುವುದಕ್ಕೆ ಇಲ್ಲ. ಈ ನಿಯಮಕ್ಕೆ ಇನ್ನೊಂದು ಕಲಮು ಸೇರಬೇಕಾದರೆ ಅಂಕಿ ಬೇಕು; ಕಂಪನಿಗಳು ಕೊಡುವವರೆಗೆ ನಮ್ಮದೇ ಅಂಕಿ. ಗಿರಣಿಯ ಸಂಘದವರು, ಪೇಟೆಯ ವರ್ತಕರ ಸಂಘದವರು ಒಂದೊಂದು ನೋಟುಪುಸ್ತಕ ಇಡಲಿ. ಸಂಜೆ ಏಳರಿಂದ ಹತ್ತರವರೆಗೆ, ಯಾವ ಓಣಿ, ಯಾವ ಕಂಪನಿ, ಎಷ್ಟು ಸೆಕೆಂಡು ಚಕ್ರ, ಎಷ್ಟು ಸಲ ದುಡ್ಡು ತಡವಾಯಿತು ಎಂದು ತಾರೀಖು ಸಹಿತ ಬರೆಯಲಿ. ಒಂದು ತಿಂಗಳ ಪುಸ್ತಕ, ಅಂದರೆ 28 ದಿನದ್ದಲ್ಲ, ಮೂವತ್ತು ದಿನದ್ದು, ನಮ್ಮ ಕಚೇರಿಗೆ ತಲುಪಿದರೆ ಓಣಿವಾರು ಕೂಡಿಸಿ ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಒಂದು ಪ್ರತಿಯನ್ನು ಅಂಚೆಯಲ್ಲಿ ಟ್ರಾಯ್‌ಗೆ ಕಳಿಸುತ್ತೇವೆ.